ಹವಳದ ತೊಟ್ಟಿಯಲ್ಲಿ ಸ್ಪಂಜುಪ್ರಾಣಿಯ ಪಾಲನೆ

ಸಮುದ್ರದ ನೀರನ್ನು ಗಾಜಿನ ತೊಟ್ಟಿಯಲ್ಲಿ ತುಂಬಿ, ಅದರಲ್ಲಿ ಹವಳಗಳನ್ನೂ ಅವುಗಳ ನೆರೆಹೊರೆಯ ಜೀವಿಗಳನ್ನೂ ಬೆಳೆಸುವ ಕಲೆ ಈಚಿನ ಅರವತ್ತು ವರ್ಷಗಳಲ್ಲಿ ಬಹುದೂರ ಸಾಗಿದೆ. ಜಕಾರ್ತದ ಲೀ ಚಿನ್ ಎಂಗ್ ಎಂಬಾತನು ತನ್ನ ಕ್ರಮವನ್ನು 1961ರಲ್ಲಿ ಪ್ರಕಟಿಸಿದನು. ಹವಳದ ದಿಬ್ಬದಿಂದ ತಂದ, ಮೈತುಂಬ ಜೀವಿಗಳುಳ್ಳ ಕಲ್ಲುಗಳನ್ನು ತೊಟ್ಟಿಯಲ್ಲಿ ಇಟ್ಟು ಗಾಳಿಯ ಗುಳ್ಳೆಗಳಿಂದ ನೀರನ್ನು ಅಲುಗಿಸಿದರೆ ಸಾಕು, ನೀರು ತಾನಾಗಿಯೇ ಶುದ್ಧವಾಗುವುದೆಂಬುದು ಅದರ ಸಾರ. ಅನಂತರ ಜರ್ಮನಿಯ ಹವ್ಯಾಸಿಗಳು ಇದಕ್ಕೆ ನೊರೆಯಂತ್ರವನ್ನು ಜೋಡಿಸಿದರು. ಇಂದು ಕೌಶಲವುಳ್ಳ ಪಾಲಕನ ಮನೆಯಲ್ಲಿ ಕಲ್ಲುಹವಳವು ವರ್ಷದಿಂದ ವರ್ಷಕ್ಕೆ ಕವಲೊಡೆಯುತ್ತದೆ. ಮೀನುಗಳು ಮೊಟ್ಟೆಯಿಟ್ಟು ಮರಿಮಾಡುತ್ತವೆ.

ಇಷ್ಟೆಲ್ಲ ಸಾಧ್ಯವಾದ ತೊಟ್ಟಿಯಲ್ಲಿ ಒಂದು ಪ್ರಾಣಿ ಮಾತ್ರ ನಿಲ್ಲುವುದಿಲ್ಲ. ಅಂಗಡಿಯಿಂದ ಕೊಂಡುತಂದ ಕೆಂಪು ಅಥವಾ ಕಿತ್ತಳೆಬಣ್ಣದ ಸ್ಪಂಜು ಮೊದಲ ಕೆಲವು ವಾರ ಸೊಗಸಾಗಿ ಕಾಣುವುದು, ಬಳಿಕ ಕುಗ್ಗುವುದು, ಕೆಲವು ತಿಂಗಳೊಳಗೆ ಬೆಳ್ಳಗಿನ ಲೋಳೆಯಾಗಿ ಕರಗಿಹೋಗುವುದು. ಆಶ್ಚರ್ಯವೆಂದರೆ, ನೀರು ಎಷ್ಟು ನಿರ್ಮಲವಾಗಿದ್ದರೆ ಈ ಮರಣ ಅಷ್ಟು ಖಚಿತ. ಪ್ರಾಣಿವರ್ಗದ ಅತ್ಯಂತ ಸರಳವಾದ ರಚನೆಯ ಜೀವಿಗಳಲ್ಲೊಂದಾದ ಇದು ಅತ್ಯಂತ ಜಾಗರೂಕತೆಯಿಂದ ಕಾಪಾಡಿದ ನೀರಿನಲ್ಲಿ ಏಕೆ ಸಾಯಬೇಕು? ಈ ಪ್ರಶ್ನೆಯನ್ನು ಬಿಡಿಸಲು ಸ್ಪಂಜಿನ ಶರೀರವ್ಯಾಪಾರವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗಿದೆ.

ಸ್ಪಂಜು ಸುಕುಮಾರವಾದುದರಿಂದ ಸಾಯುವುದೆಂದು ಹೇಳುವಂತಿಲ್ಲ. ಆಸ್ಕರ್ ಸ್ಮಿತ್ ಎಂಬ ಪ್ರಾಣಿಶಾಸ್ತ್ರಜ್ಞನು 1860ರ ದಶಕದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಸ್ನಾನದ ಸ್ಪಂಜನ್ನು ತುಂಡುತುಂಡಾಗಿ ಕತ್ತರಿಸಿ, ತುಂಡುಗಳನ್ನು ನೀರಿನಲ್ಲಿ ಕಟ್ಟಿಬಿಟ್ಟನು. ಒಂದೊಂದು ತುಂಡೂ ಗಾಯ ಮಾಯ್ದು ಬೆಳೆಯತೊಡಗಿತು. 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಇನ್ನೂ ಕಠಿಣವಾದ ಪರೀಕ್ಷೆಗೆ ಕೈಹಾಕಿದನು. ಜೀವಂತ ಸ್ಪಂಜನ್ನು ಸೂಕ್ಷ್ಮವಾದ ಬಟ್ಟೆಯಲ್ಲಿಟ್ಟು ಹಿಂಡಿ, ಅದರ ಜೀವಕೋಶಗಳನ್ನು ಬಿಡಿಬಿಡಿಯಾಗಿ ನೀರಿಗೆ ಸುರಿದನು. ಚದುರಿದ ಕೋಶಗಳು ಪಾತ್ರೆಯ ತಳದಲ್ಲಿ ತೆವಳಿ ಒಂದನ್ನೊಂದು ಕೂಡಿಕೊಂಡು ಮತ್ತೆ ಪುಟ್ಟ ಸ್ಪಂಜುಗಳಾದುವು. ಇಂಥ ಪ್ರಾಣಿಯು ಗಾಜಿನ ತೊಟ್ಟಿಯಲ್ಲಿ ನಶಿಸುವುದಕ್ಕೆ ಗಾಯವಾಗಲಿ ಸ್ಥಳಾಂತರವಾಗಲಿ ಮುಖ್ಯ ಕಾರಣವಾಗಲಾರದು. ಕಾರಣವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅದು ಹಸಿವಿನಿಂದ ಸಾಯುತ್ತದೆ.

ಸ್ಪಂಜು ಪ್ರಾಣಿಯೋ ಸಸ್ಯವೋ ಎಂಬ ಚರ್ಚೆ ಬಹುಕಾಲ ನಡೆದಿತ್ತು. ಎಡಿನ್‌ಬರೋ ನಗರದ ರಾಬರ್ಟ್ ಗ್ರಾಂಟನು 1825ರ ಸುಮಾರಿನಲ್ಲಿ ಒಂದು ಚಿಕ್ಕ ಸ್ಪಂಜನ್ನು ಸಮುದ್ರದ ನೀರಿರುವ ಗಾಜಿನ ಬಟ್ಟಲಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದರ ಮೇಲ್ಭಾಗದ ದೊಡ್ಡ ರಂಧ್ರದಿಂದ ಕಣಗಳನ್ನು ಹೊತ್ತ ನೀರು ಬುಗ್ಗೆಯಂತೆ ಎಡೆಬಿಡದೆ ಹೊರಡುವುದನ್ನು ಕಂಡನು. (ಆಗ ಅದೇ ನಗರದಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ಚಾರಲ್ಸ್ ಡಾರ್ವಿನ್ ಎಂಬ ಯುವಕನು ಗ್ರಾಂಟನೊಡನೆ ಕಡಲತೀರದಲ್ಲಿ ಜೀವಿಗಳನ್ನು ಆಯುತ್ತಿದ್ದುದುಂಟು.) ಕದಲದೆ ಕುಳಿತ ಈ ಜೀವಿಯ ಒಳಗೆ ನಿರಂತರ ಚಲನೆಯುಂಟೆಂಬುದು ಅಂದಿನಿಂದ ಸ್ಪಷ್ಟವಾಯಿತು.

ನೀರು ಒಳಹೋಗುವುದು ಮೈಮೇಲಿನ ಅಸಂಖ್ಯಾತ ಕಿರುರಂಧ್ರಗಳ ಮೂಲಕ. ಇವುಗಳ ಅಡ್ಡಳತೆ ಸಾಮಾನ್ಯವಾಗಿ 50 ಮೈಕ್ರಾನಿಗಿಂತ ಕಡಿಮೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಲ್ಲಿಂದ ಕವಲುಗಾಲುವೆಗಳಲ್ಲಿ ಹರಿದು ನೀರು ಗುಂಡಾದ ಸಣ್ಣ ಕೋಣೆಗಳನ್ನು ಸೇರುವುದು. ಕೋಣೆಯ ಒಳಗೋಡೆಯಲ್ಲಿ ಕೊರಳಪಟ್ಟಿಯ ಕೋಶಗಳು ಸಾಲುಗಟ್ಟಿವೆ. ಪ್ರತಿಯೊಂದು ಕೋಶಕ್ಕೂ ಚಾಟಿಯಂತೆ ಬಡಿಯುವ ಒಂದು ಕಶಾಂಗ; ಅದರ ಸುತ್ತ ಕೂದಲಿಗಿಂತಲೂ ಎಷ್ಟೋ ಸಣ್ಣದಾದ ಎಳೆಗಳಿಂದಾದ ಜಾಲರಿಯ ಪಟ್ಟಿ. ಕಶಾಂಗಗಳ ಬಡಿತದಿಂದ ನೀರು ಸಾಗುತ್ತದೆ, ಜಾಲರಿಯಲ್ಲಿ ಆಹಾರ ಉಳಿಯುತ್ತದೆ. ಜಾಲರಿಯ ಕಂಡಿಯಾದರೋ ಮೈಕ್ರಾನಿನ ಹತ್ತನೆಯ ಒಂದೆರಡು ಪಾಲು ಮಾತ್ರ. ಆದುದರಿಂದ ಬ್ಯಾಕ್ಟೀರಿಯದಷ್ಟು ಚಿಕ್ಕ ಕಣವೂ ತಪ್ಪಿಸಿಕೊಂಡು ಹೋಗುವುದು ಅಪರೂಪ. ಸೋಸಿದ ನೀರು ದೊಡ್ಡ ಹೊರಬಾಯಿಯಿಂದ ಚಿಮ್ಮಿಹೋಗುವುದು. ಬಾಯಿ, ಹೊಟ್ಟೆ, ಹೃದಯ, ನರ ಯಾವುದೂ ಈ ಪ್ರಾಣಿಗಿಲ್ಲ. ಉಣ್ಣುವುದು, ಉಸಿರಾಡುವುದು, ಮಲವಿಸರ್ಜನೆ ಎಲ್ಲವೂ ಈ ಒಂದು ಹರಿವಿನಿಂದಲೇ ಆಗಬೇಕು.

ಈ ಹರಿವಿನ ಪ್ರಮಾಣವನ್ನು ಕೇಳಿದರೆ ವಾಚಕರು ಬೆರಗಾಗಬಹುದು. ಪ್ರಾಣಿಶಾಸ್ತ್ರದ ಪಠ್ಯಗ್ರಂಥಗಳಲ್ಲಿ ಪ್ರಸಿದ್ಧವಾದ ಉದಾಹರಣೆ ಲ್ಯೂಕೋನಿಯ ಎಂಬ ಸುಣ್ಣದ ಸ್ಪಂಜು. 10 ಸೆಂಟಿಮೀಟರು ಎತ್ತರ, 1 ಸೆಂಟಿಮೀಟರು ದಪ್ಪವಿರುವ ಇದರಲ್ಲಿ 20 ಲಕ್ಷಕ್ಕೂ ಮೇಲ್ಪಟ್ಟು ಕೋಣೆಗಳಿದ್ದು, ದಿನವೊಂದಕ್ಕೆ 22.5 ಲೀಟರು ನೀರು ಅವುಗಳ ಮೂಲಕ ಸಾಗುವುದು. ಇದರ ಗಾತ್ರವೋ ಸುಮಾರು 8 ಮಿಲಿಲೀಟರು. ಎಂದರೆ ತನ್ನ ಗಾತ್ರದ ಸುಮಾರು 2,800 ಪಟ್ಟು ನೀರನ್ನು ಅದು ಒಂದು ದಿನದಲ್ಲಿ ಸೋಸುತ್ತದೆ.

ಇದೇ ಲೆಕ್ಕವನ್ನು ತೊಟ್ಟಿಗೆ ಅನ್ವಯಿಸಿ ನೋಡೋಣ. ಮುಷ್ಟಿಗಾತ್ರದ, ಸುಮಾರು 250 ಮಿಲಿಲೀಟರಿನ ಸ್ಪಂಜು ಇದೇ ವೇಗದಲ್ಲಿ ದುಡಿದರೆ ದಿನಕ್ಕೆ 700 ಲೀಟರು ನೀರನ್ನು ಸೋಸುವುದು. ಮನೆಯಲ್ಲಿಡುವ ತೊಟ್ಟಿಯ ನೀರು 200 ಲೀಟರೆಂದು ಇಟ್ಟುಕೊಂಡರೆ, ಅಷ್ಟೂ ನೀರು ದಿನಕ್ಕೆ ಮೂರೂವರೆ ಸಲ ಸ್ಪಂಜಿನ ಮೂಲಕ ಹಾದುಹೋಗಬೇಕಾಗುವುದು. ತೆರೆದ ಸಮುದ್ರದ ನೀರಿನಲ್ಲಿ ಮಿಲಿಲೀಟರಿಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಗಳಿರುತ್ತವೆ. ಇವು ಎಷ್ಟು ಸಣ್ಣವೆಂದರೆ ಒಂದು ಗ್ರಾಮ್ ಇಂಗಾಲವಾಗಬೇಕಾದರೆ ಸುಮಾರು 50 ಲಕ್ಷ ಕೋಟಿ ಬ್ಯಾಕ್ಟೀರಿಯಗಳು ಬೇಕು. ಸಮುದ್ರದಲ್ಲಿ 700 ಲೀಟರು ಸೋಸಿದ ಸ್ಪಂಜಿಗೆ 35,000 ಕೋಟಿ ಬ್ಯಾಕ್ಟೀರಿಯಗಳು, ಎಂದರೆ ಸುಮಾರು 7 ಮಿಲಿಗ್ರಾಮ್ ಇಂಗಾಲ ಪ್ರಾಪ್ತವಾಗುವುದು. 200 ಲೀಟರಿನ ತೊಟ್ಟಿಯಲ್ಲಿ, ನೀರು ಸಮುದ್ರದ ನೀರಿನಷ್ಟೇ ಸಮೃದ್ಧವಾಗಿದ್ದರೂ, ಇರುವ ಒಟ್ಟು ಬಂಡವಾಳ 2 ಮಿಲಿಗ್ರಾಮ್. ಸ್ಪಂಜು ಇದನ್ನು ಕೆಲವೇ ಗಂಟೆಗಳಲ್ಲಿ ಬಳಸಿಬಿಡುವುದು. ಉಳಿದ ಬ್ಯಾಕ್ಟೀರಿಯಗಳು ವೃದ್ಧಿಯಾಗಿ ಕೊರತೆಯನ್ನು ತುಂಬಲು ಕಾಲ ಬೇಕು. ಅಷ್ಟರಲ್ಲಿ ಅವೂ ಜಾಲರಿಗೆ ಸಿಕ್ಕಿರುತ್ತವೆ. ಎಲ್ಲ ಸ್ಪಂಜುಗಳೂ ಲ್ಯೂಕೋನಿಯದ ವೇಗದಲ್ಲಿ ನೀರನ್ನು ಸಾಗಿಸುವುದಿಲ್ಲ. ದಿನದಲ್ಲಿ ಕೆಲಕಾಲ ಕೆಲಸ ನಿಲ್ಲಿಸುವ ಜಾತಿಗಳೂ ಉಂಟು. ವೇಗವನ್ನು ಅರ್ಧಕ್ಕಿಳಿಸಿದರೂ ತೊಟ್ಟಿಯ ಬಂಡವಾಳಕ್ಕೂ ಸ್ಪಂಜಿನ ಹಸಿವಿಗೂ ಇರುವ ಅಂತರ ಮುಚ್ಚುವುದಿಲ್ಲ.

ತೊಟ್ಟಿಯ ನೀರು ಸಮುದ್ರದ ನೀರಿನಷ್ಟು ಸಮೃದ್ಧವೆಂಬ ಮೇಲಿನ ಊಹೆಯೂ ಉದಾರವಾದುದು. ಹವಳದ ತೊಟ್ಟಿಯ ಪಾಲಕನಿಗೆ ನೈಟ್ರೇಟು, ಫಾಸ್ಫೇಟುಗಳೇ ಶತ್ರುಗಳು. ಇವು ಹೆಚ್ಚಿದರೆ ಪಾಚಿ ಬೆಳೆದು ಹವಳವನ್ನು ಮುಚ್ಚುವುದೆಂಬ ಭಯದಿಂದ ಆತನು ಸ್ಕಿಮ್ಮರ್ ಎಂಬ ನೊರೆಯಂತ್ರವನ್ನು ಹಗಲಿರುಳೂ ನಡೆಸುವನು. ಈ ಯಂತ್ರದಲ್ಲಿ ಗಾಳಿಯ ಸಣ್ಣ ಗುಳ್ಳೆಗಳು ನೀರಿನೊಳಗೆ ಮೇಲೇರುತ್ತ, ಕರಗಿದ ಸಸಾರಜನಕ ದ್ರವ್ಯಗಳನ್ನೂ ಸೂಕ್ಷ್ಮಜೀವಿಗಳನ್ನೂ ಮೈಗಂಟಿಸಿಕೊಂಡು ನೊರೆಯಾಗಿ ಹೊರಬೀಳುತ್ತವೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ, ನೊರೆಯಂತ್ರವುಳ್ಳ ತೊಟ್ಟಿಗಳ ನೀರಿನ ಬ್ಯಾಕ್ಟೀರಿಯ ಸಂಖ್ಯೆಯು ಸಹಜವಾದ ಹವಳದ ದಿಬ್ಬದ ನೀರಿನಲ್ಲಿರುವುದರ ಸುಮಾರು ಹತ್ತನೆಯ ಒಂದು ಪಾಲಿನಷ್ಟೇ ಇದ್ದಿತು. ಹಾಗಾದರೆ ನಮ್ಮ 2 ಮಿಲಿಗ್ರಾಮು ಮಿಲಿಗ್ರಾಮಿನ ಐದನೆಯ ಒಂದು ಪಾಲಿಗೆ ಇಳಿಯಿತು. ನೊರೆಯಂತ್ರವೂ ಸ್ಪಂಜೂ ಒಂದೇ ಆಹಾರಕ್ಕಾಗಿ ಸ್ಪರ್ಧಿಸುತ್ತಿವೆ. ವಿದ್ಯುಚ್ಛಕ್ತಿಯಿಂದ ನಡೆಯುವ ಸ್ಪರ್ಧಿಗೆ ಹಸಿವೆಂಬುದಿಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ 1980ರಲ್ಲಿ ಹವಳದ ದಿಬ್ಬದ ಮಾದರಿಯನ್ನು ನಿರ್ಮಿಸಿದ ವಾಲ್ಟರ್ ಏಡಿಯವರು ಇಂಥ ಶೋಧಕಗಳನ್ನು ಬಿಟ್ಟು, ಬೇರೊಂದು ತಟ್ಟೆಯಲ್ಲಿ ಪಾಚಿಯನ್ನು ಬೆಳೆಸಿ ಕೊಯ್ಯುವ ಕ್ರಮದಿಂದ ನೀರನ್ನು ಶುದ್ಧಗೊಳಿಸಿದರು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು ನಾಶವಾಗಬಾರದೆಂಬುದು ಅವರ ಉದ್ದೇಶಗಳಲ್ಲಿ ಒಂದು.

ಹಸಿದ ಸ್ಪಂಜು ಬೇಗ ಸಾಯುವುದಿಲ್ಲವೆಂಬುದೇ ಪಾಲಕನನ್ನು ಮೋಸಗೊಳಿಸುವ ಸಂಗತಿ. ಮೀನು ಹಸಿದರೆ ಹೊಟ್ಟೆ ಒಳಸೇರುವುದು, ಹವಳ ಹಸಿದರೆ ಬಣ್ಣ ಬಿಳುಚುವುದು. ಸ್ಪಂಜು ತನ್ನ ಜೀವಕೋಶಗಳನ್ನೇ ಸ್ವಲ್ಪಸ್ವಲ್ಪವಾಗಿ ಜೀರ್ಣಿಸಿಕೊಂಡು ದಿನ ನೂಕುತ್ತದೆ. ಒಳಗಿನ ಅಸ್ಥಿಪಂಜರ ಹಾಗೆಯೇ ನಿಂತಿರುವುದರಿಂದ ಆಕಾರ ಕೆಡುವುದಿಲ್ಲ; ಬಣ್ಣವೂ ಬಹುದಿನ ಉಳಿಯುವುದು. ತೊಟ್ಟಿಯಲ್ಲಿ ಮೂರು ತಿಂಗಳಿಂದ ಚೆನ್ನಾಗಿದೆಯೆಂಬ ಮಾತಿಗೆ ಆದುದರಿಂದಲೇ ಬೆಲೆ ಕಡಿಮೆ. ಅಳೆದು ನೋಡಿದರೆ ಮಾತ್ರ ನಿಜ ತಿಳಿದೀತು. ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ತಿಂಗಳಿಗೊಮ್ಮೆ ಒಂದೇ ಕೋನದಿಂದ ಛಾಯಾಚಿತ್ರ ತೆಗೆದರೆ ಸಾಕು. ಬೆಳೆಯದೆ ಇರುವ ಸ್ಪಂಜು ಸಾಯುತ್ತಿರುವ ಸ್ಪಂಜೆಂದೇ ಭಾವಿಸುವುದು ಕ್ಷೇಮ. ಇನ್ನೊಂದು ಪರೀಕ್ಷೆಯೂ ಸುಲಭ. ಒಂದು ತೊಟ್ಟು ಹಾಲನ್ನು ಅಥವಾ ಅಡಿಗೆಮನೆಯ ಬಣ್ಣವನ್ನು ಸೂಜಿಕೊಳವೆಯಿಂದ ಸ್ಪಂಜಿನ ಬುಡದ ಬಳಿ ಮೆಲ್ಲನೆ ಬಿಟ್ಟರೆ, ಆರೋಗ್ಯವಂತ ಸ್ಪಂಜಿನ ಹೊರಬಾಯಿಯಿಂದ ಸ್ವಲ್ಪ ಹೊತ್ತಿನಲ್ಲಿ ಬಣ್ಣದ ಹೊಗೆ ಏಳುವುದು.

ಸತ್ತ ಸ್ಪಂಜಿನಿಂದಾಗುವ ಅಪಾಯ ಅದಕ್ಕೆ ಮಾತ್ರ ಸೀಮಿತವಲ್ಲ. ಓಡಲಾರದ, ಕಚ್ಚಲಾರದ ಈ ಪ್ರಾಣಿಯು ತನ್ನ ರಕ್ಷಣೆಗೆ ವಿಷದ್ರವ್ಯಗಳನ್ನು ಮೈಯಲ್ಲಿ ತುಂಬಿಕೊಂಡಿರುವುದುಂಟು. ಕೆರಿಬಿಯನ್ ಸಮುದ್ರದ ಟೆಡಾನಿಯ ಎಂಬ ಬೆಂಕಿಸ್ಪಂಜನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಉರಿದು ಬೊಬ್ಬೆಯೇಳುವುದು. ಅಲ್ಪಪ್ರಮಾಣದ ಮುಚ್ಚಿದ ನೀರಿನಲ್ಲಿ ದೊಡ್ಡ ಸ್ಪಂಜೊಂದು ಕೊಳೆತರೆ ಅಮೋನಿಯವೂ ಈ ದ್ರವ್ಯಗಳೂ ಒಟ್ಟಿಗೇ ಬಿಡುಗಡೆಯಾಗಿ ಉಳಿದ ಜೀವಿಗಳಿಗೆ ಸಂಕಟ ತಪ್ಪಿದ್ದಲ್ಲ. ಮೈಮೇಲೆ ಬಿಳಿಯ ಪೊರೆಯೋ ಬೂದುಬಣ್ಣದ ಮಚ್ಚೆಯೋ ಕಂಡಾಗ ಆ ಭಾಗವನ್ನು ನೀರಿನೊಳಗೇ ಹರಿತವಾದ ಅಲಗಿನಿಂದ ಕತ್ತರಿಸಿ ತೆಗೆಯಬೇಕು. ವಿಲ್ಸನ್ನನ ಪ್ರಾಣಿಗೆ ಕತ್ತರಿಯ ಭಯವಿಲ್ಲ. ತೊಟ್ಟಿಯ ನೀರಿನ ಒಂದು ಪಾಲನ್ನು ಬದಲಾಯಿಸಿ, ಕ್ರಿಯಾಶೀಲ ಇದ್ದಿಲನ್ನು ನೀರಿನ ದಾರಿಯಲ್ಲಿ ಇಡುವುದೂ ಆವಶ್ಯಕ.

ಹಾಗಾದರೆ ಏನನ್ನು ತಿನ್ನಿಸಬೇಕು? ಮೀನಿನ ಪುಡಿ, ಆರ್ಟೀಮಿಯದ ಮರಿ ಮೊದಲಾದುವು ನಿಷ್ಪ್ರಯೋಜಕ. ಆರ್ಟೀಮಿಯದ ಮರಿ ಹುಟ್ಟುವಾಗಲೇ ಸುಮಾರು ಅರ್ಧ ಮಿಲಿಮೀಟರು ಇರುತ್ತದೆ. ಸ್ಪಂಜಿನ ಬಾಗಿಲು ಅದರ ಹತ್ತನೆಯ ಒಂದು ಪಾಲು. ಸೂಕ್ಷ್ಮಶೈವಲಗಳು ಇದಕ್ಕಿಂತ ಮೇಲು. ಅವುಗಳಲ್ಲಿಯೂ 2ರಿಂದ 4 ಮೈಕ್ರಾನಿನ ನ್ಯಾನೊಕ್ಲೊರಾಪ್ಸಿಸ್, 4ರಿಂದ 6 ಮೈಕ್ರಾನಿನ ಐಸೊಕ್ರೈಸಿಸ್ ಇವು ಗಾತ್ರದ ದೃಷ್ಟಿಯಿಂದ ಒಪ್ಪುವುವು. ಹೆನ್ರಿ ರೈಸ್ವಿಗ್ ಎಂಬ ವಿಜ್ಞಾನಿಯು ಜಮೈಕದ ಕಡಲಿನಲ್ಲಿ ಮುಳುಗಿ ನಡೆಸಿ 1971ರಲ್ಲಿ ಪ್ರಕಟಿಸಿದ ಅಳತೆಗಳಿಂದ ತಿಳಿದುಬಂದ ಅಂಶವು ಇಲ್ಲಿ ಮುಖ್ಯ: ಸ್ಪಂಜು ನೀರಿನಿಂದ ಹಿಡಿಯುವ ಆಹಾರಕಣಗಳಲ್ಲಿ ಬಹುಪಾಲು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಬಿಡಿಯಾಗಿ ಕಾಣದಷ್ಟು ಚಿಕ್ಕವು. ಬರಿಯ ಶೈವಲವನ್ನು ಹಾಕಿ ಸ್ಪಂಜನ್ನು ಸಾಕುವೆನೆಂಬುದು, ಅನ್ನದ ಬದಲು ಹಬ್ಬದ ಭಕ್ಷ್ಯವನ್ನೇ ದಿನವೂ ಬಡಿಸಿದಂತೆ.

ಅದಕ್ಕಿಂತಲೂ ಹೆಚ್ಚು ಬೆಳಕು ಚೆಲ್ಲಿದ ಸಂಶೋಧನೆ 2013ರದು. ಹಾಲೆಂಡಿನ ಸಂಶೋಧಕರು ಕೆರಿಬಿಯನ್ ಪ್ರದೇಶದ ಸ್ಪಂಜುಗಳನ್ನು ಪರೀಕ್ಷಿಸಿ, ಅವು ಕಣಗಳನ್ನಷ್ಟೇ ಅಲ್ಲದೆ ನೀರಿನಲ್ಲಿ ಕರಗಿದ ಸಾವಯವ ವಸ್ತುವನ್ನೂ ನೇರವಾಗಿ ಹೀರುವುವೆಂದು ತೋರಿಸಿದರು. ಹವಳಗಳೂ ಪಾಚಿಗಳೂ ಸ್ರವಿಸುವ ಈ ವಸ್ತುವನ್ನು ಬಹುಪಾಲು ಪ್ರಾಣಿಗಳು ತಿನ್ನಲಾರವು. ಸ್ಪಂಜು ಅದನ್ನು ಹೀರಿ, ತನ್ನ ಜೀವಕೋಶಗಳನ್ನು ಅತ್ಯಂತ ವೇಗವಾಗಿ ವಿಭಜಿಸಿ, ಹಳೆಯ ಕೋಶಗಳನ್ನು ಉದುರಿಸುತ್ತದೆ. ಹ್ಯಾಲಿಸಾರ್ಕ ಎಂಬ ಜಾತಿಯಲ್ಲಿ ಕೊರಳಪಟ್ಟಿಯ ಕೋಶಗಳು ಸುಮಾರು ಆರು ಗಂಟೆಗೊಮ್ಮೆ ಇಮ್ಮಡಿಯಾಗುವುವು. ಉದುರಿದ ಕೋಶಗಳನ್ನು ಏಡಿ, ಹುಳು ಮೊದಲಾದುವು ತಿನ್ನುತ್ತವೆ. ಪೋಷಕಾಂಶಗಳಿಲ್ಲದ ನೀಲಿಯ ಮರುಭೂಮಿಯಂಥ ನೀರಿನಲ್ಲಿ ಹವಳದ ದಿಬ್ಬ ಹೇಗೆ ತುಂಬಿ ತುಳುಕುವುದೆಂಬ ಹಳೆಯ ಸಮಸ್ಯೆಗೆ ಇದು ಒಂದು ಉತ್ತರ. ತೊಟ್ಟಿಯ ಪಾಲಕನಿಗೂ ಇದರಲ್ಲಿ ಸೂಚನೆಯಿದೆ. ನೊರೆಯಂತ್ರ ಹೊರಚೆಲ್ಲುವ ಕಂದುಬಣ್ಣದ ರಸವು ಬಹುಮಟ್ಟಿಗೆ ಸ್ಪಂಜಿನ ಪಾಲಿನ ಊಟವೇ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಮೊದಲು ಮಾಡಬೇಕಾದುದು ಯಂತ್ರವನ್ನು ನಿಲ್ಲಿಸುವುದು, ಅಥವಾ ದಿನದಲ್ಲಿ ಕೆಲವು ಗಂಟೆಗಳು ಮಾತ್ರ ನಡೆಸುವುದು. ಎರಡನೆಯದಾಗಿ, ತೊಟ್ಟಿಯಲ್ಲಿಯೇ ಬ್ಯಾಕ್ಟೀರಿಯಗಳು ವೃದ್ಧಿಯಾಗುವಂತೆ ಮಾಡಬಹುದು. ಹವಳ ಸಾಕುವವರಲ್ಲಿ ಕೆಲವರು ನೀರಿಗೆ ದಿನವೂ ಅತ್ಯಲ್ಪ ಸಕ್ಕರೆಯನ್ನೋ ವಿನಿಗರನ್ನೋ ಸೇರಿಸಿ ಬ್ಯಾಕ್ಟೀರಿಯಗಳನ್ನು ಹೆಚ್ಚಿಸಿ, ಅವನ್ನು ನೊರೆಯಂತ್ರದಿಂದ ತೆಗೆದುಹಾಕುವ ಮೂಲಕ ನೈಟ್ರೇಟನ್ನು ಇಳಿಸುವರು. ಅದೇ ಉಪಾಯದ ಮೊದಲರ್ಧವನ್ನಿಟ್ಟುಕೊಂಡು, ಬೆಳೆದ ಬೆಳೆಯನ್ನು ಸ್ಪಂಜಿಗೆ ಬಿಡಬಹುದು. ಎಚ್ಚರಿಕೆಯೊಂದು ಬೇಕು: ಪ್ರಮಾಣ ಮೀರಿದರೆ ಬ್ಯಾಕ್ಟೀರಿಯಗಳು ರಾತ್ರಿಯಲ್ಲಿ ನೀರಿನ ಆಮ್ಲಜನಕವನ್ನೆಲ್ಲ ಬಳಸಿ, ಬೆಳಗಾಗುವುದರೊಳಗೆ ಮೀನುಗಳು ಸತ್ತಿರುತ್ತವೆ. ತೊಟ್ಟಿ ದೊಡ್ಡದಾಗಿ, ಸ್ಪಂಜು ಚಿಕ್ಕದಾಗಿರಬೇಕೆಂಬುದು ಈ ಲೆಕ್ಕದಿಂದ ತಾನಾಗಿಯೇ ಹೊರಡುವ ನಿಯಮ. ಹೆಬ್ಬೆರಳ ಗಾತ್ರದ ತುಂಡಿಗೆ ಸಾಕಾಗುವ ಆಹಾರ ಮುಷ್ಟಿಗಾತ್ರದ ಪ್ರಾಣಿಗೆ ಸಾಲದು.

ಹೊಟ್ಟೆಯ ಮಾತಾದ ಮೇಲೆ ಎಲುಬಿನ ಮಾತು. ಒಂಬತ್ತು ಸಾವಿರಕ್ಕೂ ಹೆಚ್ಚಿನ ಸ್ಪಂಜುಜಾತಿಗಳಲ್ಲಿ ಬಹುಸಂಖ್ಯಾತವಾದುವು ಸಿಲಿಕದ ಸೂಕ್ಷ್ಮ ಕಂಟಕಗಳಿಂದ ಮೈಯನ್ನು ಕಟ್ಟಿಕೊಳ್ಳುವುವು. ಈ ಸಿಲಿಕವನ್ನು ಅವು ನೀರಿನಿಂದಲೇ ಪಡೆಯಬೇಕು. ತೊಟ್ಟಿಗೆ ಬಳಸುವ ನೀರನ್ನಾದರೋ 'ಆರ್‌ಓ' ಯಂತ್ರದಲ್ಲಿ ಸೋಸಿ, ರಾಳದ ಪುಡಿಯ ಮೂಲಕ ಹಾಯಿಸಿ, ಸಿಲಿಕವನ್ನು ಉದ್ದೇಶಪೂರ್ವಕವಾಗಿ ತೆಗೆದಿರುತ್ತಾರೆ. ಇಲ್ಲವಾದರೆ ಡಯಾಟಮ್ ಎಂಬ ಕಂದುಪಾಚಿ ಗಾಜಿನ ಮೇಲೆ ಹಬ್ಬುವುದು. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೆಡಿಟರೇನಿಯನ್ ಸಮುದ್ರದ ಕ್ರಾಂಬೆ ಎಂಬ ಸ್ಪಂಜನ್ನು ಹೆಚ್ಚು ಸಿಲಿಕವಿರುವ ನೀರಿನಲ್ಲಿ ಬೆಳೆಸಿದಾಗ, ಸಹಜವಾದ ನೀರಿನಲ್ಲಿ ಅದು ಮಾಡದ ಬಗೆಯ ಕಂಟಕಗಳನ್ನು ಕೂಡ ನಿರ್ಮಿಸಿತು. ಇಂದಿನ ಕಡಲಿನ ಮೇಲ್ನೀರಿನಲ್ಲಿಯೇ ಸ್ಪಂಜುಗಳು ಸಿಲಿಕದ ಬಡತನದಲ್ಲಿ ಬಾಳುತ್ತಿವೆಯೆಂದು ಇದರಿಂದ ಊಹಿಸಲಾಗಿದೆ. ಸೋಸಿದ ನೀರಿನಲ್ಲಿ ಅವುಗಳ ಗತಿ ಹೇಳಬೇಕಾಗಿಲ್ಲ. ಸೋಡಿಯಮ್ ಸಿಲಿಕೇಟನ್ನು ಅಳತೆಮಾಡಿ ಸೇರಿಸುವ ಪಾಲಕರುಂಟು; ಗಾಜನ್ನು ಆಗಾಗ ಉಜ್ಜುವ ಶ್ರಮ ಅದರ ಜೊತೆಗೇ ಬರುವುದು.

ಆಯ್ಕೆಯಲ್ಲಿ ವಿವೇಕವಿದ್ದರೆ ಅರ್ಧ ಕಷ್ಟ ಕಳೆದಂತೆ. ಕೆಲವು ಸ್ಪಂಜುಗಳು ತಮ್ಮ ಅಂಗಾಂಶದಲ್ಲಿ ದ್ಯುತಿಸಂಶ್ಲೇಷಣೆ ನಡೆಸುವ ಸಹಜೀವಿಗಳನ್ನು ಇಟ್ಟುಕೊಂಡಿರುತ್ತವೆ. ಪೆಸಿಫಿಕ್ ಸಾಗರದ ಲ್ಯಾಮೆಲ್ಲೊಡೈಸಿಡಿಯ ಎಂಬುದರಲ್ಲಿ ನೀಲಹಸಿರು ಬ್ಯಾಕ್ಟೀರಿಯಗಳೂ, ಕ್ಲಯೋನ ಗಣದ ಕೆಲವು ಜಾತಿಗಳಲ್ಲಿ ಹವಳದಲ್ಲಿರುವಂಥ ಶೈವಲಗಳೂ ವಾಸಿಸುವುವು. ಇವುಗಳಿಗೆ ಬೆಳಕೇ ಬಹುಪಾಲು ಆಹಾರವಾದುದರಿಂದ ಹವಳದ ತೊಟ್ಟಿಯ ಪ್ರಖರವಾದ ದೀಪದ ಕೆಳಗೆ ಬಾಳಬಲ್ಲವು. ಕ್ಲಯೋನವು ಸುಣ್ಣದ ಕಲ್ಲನ್ನು ಕೊರೆಯುವ ಪ್ರಾಣಿಯಾದುದರಿಂದ ಬೆಲೆಬಾಳುವ ಹವಳದ ಪಕ್ಕದಲ್ಲಿ ಅದಕ್ಕೆ ಜಾಗ ಕೊಡುವುದು ಜಾಣತನವಲ್ಲ. ಕಣ್ಣು ಸೆಳೆಯುವ ಕೆಂಪು, ಕಿತ್ತಳೆ, ಹಳದಿಯ ಕವಲುಸ್ಪಂಜುಗಳಲ್ಲಿ ಹೆಚ್ಚಿನವಕ್ಕೆ ಇಂಥ ಸಹಜೀವಿಗಳ ನೆರವಿಲ್ಲ. ಅವು ನೆರಳಿನ ಪ್ರಾಣಿಗಳು. ಬೆಳಕಿನಲ್ಲಿಟ್ಟರೆ ಪಾಚಿ ಮೈಮೇಲೆ ಹಬ್ಬಿ ಕಿರುರಂಧ್ರಗಳನ್ನು ಮುಚ್ಚುವುದು. ಅಂಗಡಿಯಲ್ಲಿ ಮೊದಲು ಮಾರಾಟವಾಗುವುವು ದುರ್ದೈವದಿಂದ ಇವೇ.

ಸ್ಪಂಜನ್ನು ಗಾಳಿಗೆ ಎತ್ತಬಾರದೆಂಬ ನಿಯಮವನ್ನು ಎಲ್ಲರೂ ಹೇಳುವರು. ಕಾಲುವೆಗಳಲ್ಲಿ ಸೇರಿದ ಗಾಳಿ ಹೊರಬರದೆ ನಿಂತು, ಅದರ ಸುತ್ತಣ ಅಂಗಾಂಶ ಸಾಯುವುದೆಂಬುದು ಇದಕ್ಕೆ ಕೊಡುವ ಕಾರಣ. ಉಬ್ಬರವಿಳಿತದ ಬಂಡೆಗಳ ಮೇಲಿನ ಕೆಲವು ಜಾತಿಗಳು ದಿನವೂ ಗಾಳಿಗೆ ತೆರೆದುಕೊಂಡರೂ ಬದುಕುವುದರಿಂದ ಈ ನಿಯಮ ಸಾರ್ವತ್ರಿಕವಲ್ಲ. ಆದರೆ ಕೊಂಡುತಂದ ಸ್ಪಂಜು ಯಾವ ಬಗೆಯದೆಂದು ತಿಳಿಯದಿರುವಾಗ ನೀರಿನೊಳಗೇ ಚೀಲಕ್ಕೆ ತುಂಬಿ ನೀರಿನೊಳಗೇ ಬಿಚ್ಚುವುದು ಮೇಲು. ಇರಿಸುವ ಸ್ಥಳದಲ್ಲಿ ನೀರು ಚೆನ್ನಾಗಿ ಹರಿಯುತ್ತಿರಬೇಕು. ಸ್ಟೀವನ್ ವೋಗೆಲ್ ಎಂಬ ವಿಜ್ಞಾನಿಯು 1970ರ ದಶಕದಲ್ಲಿ ತೋರಿಸಿದಂತೆ, ಹೊರಗಿನ ಪ್ರವಾಹವು ಸ್ಪಂಜಿನ ಎತ್ತರದ ಹೊರಬಾಯಿಯನ್ನು ಸವರಿ ಹೋಗುವಾಗ ಒಳಗಿನ ನೀರು ತಾನಾಗಿಯೇ ಸೆಳೆಯಲ್ಪಡುವುದು. ಗಾಳಿ ಬೀಸಿದಾಗ ಹೊಗೆಗೂಡಿನಲ್ಲಿ ಹೊಗೆ ಸೆಳೆಯುವಂತೆ. ನಿಂತ ನೀರಿನ ಮೂಲೆಯಲ್ಲಿ ಈ ನೆರವು ತಪ್ಪಿ, ಹಸಿದ ಪ್ರಾಣಿ ಎಲ್ಲ ಕೆಲಸವನ್ನೂ ಸ್ವಂತ ಶಕ್ತಿಯಿಂದ ಮಾಡಬೇಕಾಗುವುದು. ಮೂಲೆಯಲ್ಲಿ ಕಸವೂ ಕೂರುವುದು. ಕಸವನ್ನು ಕಳೆಯಲು ಸ್ಪಂಜಿಗೆ ತನ್ನದೇ ಆದ ಉಪಾಯಗಳುಂಟು: ಏಪ್ಲಿಸಿನ ಎಂಬ ಕೊಳವೆಸ್ಪಂಜು ಕಿರುರಂಧ್ರಗಳ ಬಾಯಲ್ಲಿ ಲೋಳೆಯನ್ನು ಒಸರಿಸಿ, ಒಳಬರುವ ನೀರಿಗೆ ಎದುರಾಗಿ ಅದನ್ನು ಹೊರಕ್ಕೆ ಸಾಗಿಸಿ, ಆಗಾಗ ಮೈಕುಗ್ಗಿಸಿ ಸೀನುವಂತೆ ಉದುರಿಸುವುದನ್ನು 2022ರಲ್ಲಿ ವರ್ಣಿಸಿದ್ದಾರೆ. ಈ ಸೀನು ಮುಗಿಯಲು ನಿಮಿಷಗಟ್ಟಲೆ ಹಿಡಿಯುವುದರಿಂದ ಬರಿಗಣ್ಣಿಗೆ ಅದು ಗೋಚರಿಸದು. ಶತ್ರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪೊಮಕ್ಯಾಂತಸ್ ಗಣದ ದೊಡ್ಡ ಏಂಜಲ್ ಮೀನುಗಳಿಗೆ ಸ್ಪಂಜು ಪ್ರಿಯವಾದ ಊಟ. ಎರಡನ್ನೂ ಒಂದೇ ತೊಟ್ಟಿಯಲ್ಲಿ ಇಡುವಂತಿಲ್ಲ.

ಇಷ್ಟೊಂದು ಶ್ರಮ ಏತಕ್ಕೆ ಎಂದು ಕೇಳುವವರಿಗೆ ಅಲಂಕಾರಕ್ಕಿಂತ ಗಂಭೀರವಾದ ಉತ್ತರವುಂಟು. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞನು ಫ್ಲಾರಿಡದ ಕಡಲಿನ ಒಂದು ಸ್ಪಂಜಿನಿಂದ ವಿಲಕ್ಷಣವಾದ ನ್ಯೂಕ್ಲಿಯೊಸೈಡುಗಳನ್ನು ಬೇರ್ಪಡಿಸಿದನು. ಅವುಗಳ ಮಾದರಿಯಿಂದ ಪ್ರೇರಿತವಾದ ಸೈಟರಬೀನ್ ಎಂಬ ಔಷಧ 1969ರಿಂದ ಅಮೆರಿಕದಲ್ಲಿ ರಕ್ತದ ಕ್ಯಾನ್ಸರಿಗೆ ಬಳಕೆಗೆ ಬಂದಿತು, ಇಂದಿಗೂ ಬಳಕೆಯಲ್ಲಿದೆ. 1986ರಲ್ಲಿ ಜಪಾನಿನ ವಿಜ್ಞಾನಿಗಳು ಹ್ಯಾಲಿಕಾಂಡ್ರಿಯ ಎಂಬ ಸ್ಪಂಜಿನಲ್ಲಿ ಹ್ಯಾಲಿಕಾಂಡ್ರಿನ್ ಎಂಬ ಪ್ರಬಲ ದ್ರವ್ಯವನ್ನು ಕಂಡರು. ಪರೀಕ್ಷೆಗೆ ಸಾಕಾಗುವಷ್ಟು ಅದನ್ನು ಸಂಪಾದಿಸುವುದೇ ದುಸ್ತರವಾಯಿತು. ನ್ಯೂಜಿಲೆಂಡಿನ ಆಳದ ನೀರಿನಿಂದ ಇನ್ನೊಂದು ಜಾತಿಯ ಸ್ಪಂಜನ್ನು ಒಂದು ಟನ್ನಿನಷ್ಟು ಮೇಲೆತ್ತಿ ಸಂಸ್ಕರಿಸಿದಾಗ ದೊರೆತುದು ಸುಮಾರು 300 ಮಿಲಿಗ್ರಾಮು. ಸ್ಪಂಜನ್ನು ತೊಟ್ಟಿಯಲ್ಲಿ ಬೆಳೆಸುವ ವಿದ್ಯೆ ಕೈವಶವಾಗಿದ್ದರೆ ಕಡಲಿನ ತಳವನ್ನು ಕೆರೆಯಬೇಕಾಗಿರಲಿಲ್ಲ. ಕೊನೆಗೆ ರಸಾಯನಶಾಲೆಯಲ್ಲಿಯೇ ಆ ಅಣುವಿನ ಒಂದು ಭಾಗವನ್ನು ಕಟ್ಟಿ, ಎರಿಬ್ಯುಲಿನ್ ಎಂಬ ಹೆಸರಿನಿಂದ 2010ರಲ್ಲಿ ಸ್ತನ ಕ್ಯಾನ್ಸರಿಗೆ ಔಷಧವಾಗಿ ಬಳಕೆಗೆ ತಂದರು. ಎಲ್ಲ ಅಣುಗಳನ್ನೂ ಹೀಗೆ ಕಟ್ಟಲಾಗದು. ತೆರೆದ ಕಡಲಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸಿದ ಸ್ಪಂಜಿನ ತುಂಡುಗಳು ಬೆಳೆಯುತ್ತವೆ. ಸ್ಮಿತ್ತನ ಕಾಲದಿಂದಲೂ ಅದು ಗೊತ್ತು. ಮುಚ್ಚಿದ ನೀರಿನಲ್ಲಿ ಆಹಾರದ ಲೆಕ್ಕ ಇನ್ನೂ ಸರಿಹೊಂದಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಸುತ್ತಣ ಹವಳವನ್ನು ನೋಡಲು ಹೋಗುವವರು ನೋಡಿ ಬರಬಹುದು, ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಅನುಸೂಚಿಗಳಿಗೆ 2001ರಲ್ಲಿ ಕಲ್ಲುಹವಳಗಳೂ ಸುಣ್ಣದ ಸ್ಪಂಜುಗಳೂ ಸೇರಿದುವು. ಜೀವಿಗಳುಳ್ಳ ಹವಳದ ಕಲ್ಲನ್ನು ಕಡಲಿನಿಂದ ಕೀಳುವುದು ದಂಡನೀಯ.

ಪ್ರಯೋಗಕ್ಕೆ ಕಡಲಿನಿಂದ ಕೀಳಬೇಕಾದ ಅಗತ್ಯವೂ ಇಲ್ಲ. ಕೆಲವು ವರ್ಷ ನಡೆದ ಯಾವುದಾದರೂ ಹವಳದ ತೊಟ್ಟಿಯ ಕೆಳತೊಟ್ಟಿಯನ್ನು, ನೀರು ಇಳಿಯುವ ಕೊಳವೆಯ ಒಳಮೈಯನ್ನು, ಕಲ್ಲಿನ ತಳವನ್ನು ದೀಪ ಹಿಡಿದು ನೋಡಿದರೆ, ಯಾರೂ ತಂದಿರಿಸದ ಪುಟ್ಟ ಸ್ಪಂಜುಗಳು ಕತ್ತಲಲ್ಲಿ ಬೆಳೆದಿರುವುದು ಕಾಣುವುದು. ಕಲ್ಲಿನೊಡನೆ ಬಂದು, ಇರುವಷ್ಟು ಆಹಾರಕ್ಕೆ ತಕ್ಕಷ್ಟೇ ಗಾತ್ರದಲ್ಲಿ ನೆಲೆನಿಂತ ವಂಶ ಇದು. ಹೂಜಿಯಾಕಾರದ, ಬೆಳ್ಳಗಿನ, ಒಂದೆರಡು ಸೆಂಟಿಮೀಟರಿನ ಸೈಕಾನ್ ಇವುಗಳಲ್ಲಿ ಸಾಮಾನ್ಯ; ಅದರ ಬಾಯಿಯ ಸುತ್ತ ಕಂಟಕಗಳ ಒಂದು ಕಿರೀಟವಿರುವುದು. ಹೆಸರು ತಿಳಿಯದಿದ್ದರೆ ಒಂದು ಚೂರನ್ನು ಗಾಜಿನ ಫಲಕದ ಮೇಲಿಟ್ಟು ಒಂದು ಹನಿ ವಿನಿಗರನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗುಳ್ಳೆಗಳೆದ್ದು ಕಂಟಕಗಳು ಕರಗಿದರೆ ಅದು ಸುಣ್ಣದ ಸ್ಪಂಜು. ಕರಗದೆ ಗಾಜಿನಂತೆ ಹೊಳೆಯುತ್ತ ಉಳಿದರೆ ಸಿಲಿಕದ್ದು. ಆ ತೊಟ್ಟಿಯ ನೀರಿನಲ್ಲಿ ಸಿಲಿಕ ಎಲ್ಲಿಂದ ಬರುತ್ತಿದೆಯೆಂದು ಹುಡುಕಬೇಕು.